ಪಕ್ ಎಲ್ಲಿ ಸ್ವಾಮಿ?

ಪುಸ್ತಕದ ಹೆಸರು ಹೇಳುವುದಿಲ್ಲ. ಹೇಳಿದರೂ ಪ್ರಯೋಜನ ಇಲ್ಲ. ಈ ಜಾತಿಯ, ಅಂದರೆ ಹಾಕಿ ಆಟಗಾರನ ಪ್ರೇಮಕಾದಂಬರಿ ಜಾತಿಯ, ಹತ್ತು ಪುಸ್ತಕಗಳ ರಟ್ಟು ಕಿತ್ತು ಅದಲುಬದಲು ಮಾಡಿಟ್ಟರೆ ಹೆತ್ತವರಿಗೇ ತಮ್ಮ ಕೂಸು ಯಾವುದೆಂದು ಗೊತ್ತಾಗುವುದು ಕಷ್ಟ. ಅಮೆರಿಕದ ಒಂದು ಕಾಲೇಜು. ಅಲ್ಲೊಂದು ಐಸ್ ಹಾಕಿ ತಂಡ. ತಂಡಕ್ಕೊಬ್ಬ ಕ್ಯಾಪ್ಟನ್. ಕ್ಯಾಪ್ಟನ್‌ಗೊಂದು ದವಡೆ. ಇಷ್ಟು ಹೇಳಿದರೆ ಸಾಕು, ಇದನ್ನೆಲ್ಲ ಓದುವವರು 'ಓ, ಅದೇ ಅಲ್ವಾ?' ಎನ್ನುತ್ತಾರೆ. ಹೌದು, ಅದೇ. ಅದಲ್ಲದಿದ್ದರೆ ಅದರ ತಂಗಿ.

ಕನ್ನಡದಲ್ಲಿ ತಂಡ ನಡೆಸುವವನೂ ನಾಯಕನೇ, ಕಥೆಯ ಹೀರೋನೂ ನಾಯಕನೇ. ಹಾಗಾಗಿ ನಾನೂ ಇಲ್ಲಿ ಅವನನ್ನು ನಾಯಕ ಎಂದೇ ಕರೆಯುತ್ತೇನೆ. ತಂಡ ನಡೆಸಿದ್ದನ್ನು ಮಾತ್ರ ಕಣ್ಣಾರೆ ಕಾಣಲಿಲ್ಲ.

ನಾನು ಈ ಪುಸ್ತಕ ತೆಗೆದುಕೊಂಡಿದ್ದು ಹಾಕಿಗಾಗಿ. ನಗಬೇಡಿ. ಐಸ್ ಹಾಕಿ ನನಗೆ ಇಷ್ಟ. 170 ಗ್ರಾಂನಷ್ಟು ತೂಗುವ ಒಂದು ರಬ್ಬರ್ ಬಿಲ್ಲೆ, ಅದೇ ಪಕ್. ಅದು ಪುಟಿಯಬಾರದೆಂದು ಆಟಕ್ಕೆ ಮುಂಚೆ ಫ್ರೀಜರಿನಲ್ಲಿಟ್ಟು ತಣ್ಣಗೆ ಮಾಡುತ್ತಾರೆ. ಒಂದೊಂದು ಕಡೆ ಆರೇ ಜನ. ಮುಕ್ಕಾಲು ನಿಮಿಷ ಜೀವ ಹೋಗುವ ಹಾಗೆ ನುಗ್ಗಿ, ಬೆಂಚಿಗೆ ಬಂದು ದೊಪ್ಪನೆ ಕೂರುತ್ತಾರೆ. ಆಟ ನಿಲ್ಲದೆಯೇ ಇನ್ನೊಂದು ಗುಂಪು ಗೋಡೆ ಹಾರಿ ಒಳಗಿಳಿಯುತ್ತದೆ. ಇಷ್ಟೊಂದು ಓಡಾಟ, ಉಸಿರು, ಪೆಟ್ಟು ಇರುವ ಜಾಗದಲ್ಲಿ ಇಬ್ಬರು ಪ್ರೀತಿಸಿದರೆ ಎಷ್ಟು ಚೆನ್ನ ಅಂದುಕೊಂಡೆ. ಹಾಗೆ ಅಂದುಕೊಂಡಿದ್ದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ.

ಎಚ್ಚರಿಕೆ ಹಿಂದಿನ ರಟ್ಟಿನ ಮೇಲೇ ಇತ್ತು. ಅಲ್ಲಿ ಕಥೆಯ ಸುಳಿವು ಇರಲಿಲ್ಲ. ಔಷಧಿ ಡಬ್ಬಿಯ ಮೇಲಿರುವಂಥ ಪಟ್ಟಿ ಇತ್ತು. ಮೊದಲು ಜಗಳ ಆಮೇಲೆ ಪ್ರೀತಿ: ಇದೆ. ಸಿಡುಕು ಮೋರೆಯ ಹುಡುಗ, ನಗುಮುಖದ ಹುಡುಗಿ: ಇದ್ದಾರೆ. ಕೋಚ್ ಮಗಳು: ಅವಳೇ. ಹೋಟೆಲ್ ರೂಮಿನಲ್ಲಿ ಒಂದೇ ಮಂಚ: ಇದೆ. ಮೊದಲು ಪ್ರೀತಿಗೆ ಬಿದ್ದವನು: ಅವನು. ಕೆಳಗೆ ಖಾರ ಎಷ್ಟೆಂದು ತೋರಿಸಲು ಐದಕ್ಕೆ ನಾಲ್ಕು ಮೆಣಸಿನಕಾಯಿ. ಹಾಕಿ ಎಷ್ಟೆಂದು ತೋರಿಸಲು ಯಾವ ಗುರುತೂ ಇಲ್ಲ. ಕಳ್ಳನೇ ಬಂದು 'ನಾಳೆ ಬರ್ತೀನಿ' ಎಂದು ಹೇಳಿ ಹೋದ ಮೇಲೂ ಬಾಗಿಲು ತೆರೆದಿಟ್ಟು ಮಲಗಿದವರಿಗೆ ಯಾರು ಏನು ಹೇಳುವುದು?

ಆ ಒಂದು ಮಂಚದ ಬಗ್ಗೆ ಒಂದು ಮಾತು. ಆಟಗಾರರು, ಕೋಚ್‌ಗಳು, ಫಿಸಿಯೋ, ಸಾಮಾನು ನೋಡಿಕೊಳ್ಳುವವರು ಎಲ್ಲ ಸೇರಿ ದೊಡ್ಡ ದಂಡೇ ಹೊರಡುವ ತಂಡ ಅದು. ಅಷ್ಟು ಜನಕ್ಕೂ ರೂಮು ಸರಿಯಾಗಿ ಹಂಚುವ ಮ್ಯಾನೇಜರ್ ಪ್ರತಿ ಪುಸ್ತಕದಲ್ಲೂ ಲೆಕ್ಕ ತಪ್ಪುತ್ತಾನೆ. ಅದೂ ಸರಿಯಾಗಿ ಒಂದೇ ಒಂದು ಮಂಚದಷ್ಟು.

ಎರಡನೇ ಅಧ್ಯಾಯದ ಹೊತ್ತಿಗೆ ಅನುಮಾನ ಬಂದು ಕೈಗೆ ಪೆನ್ಸಿಲ್ ತೆಗೆದುಕೊಂಡೆ. ಕೊನೆಯ ಪುಟದ ಲೆಕ್ಕ ಇಲ್ಲಿದೆ. ನಾಯಕನ ದವಡೆ ಬಿಗಿಯಾದದ್ದು 41 ಸಲ. ಪಕ್ ಎಂಬ ಪದ ಬಂದದ್ದು 9 ಸಲ. ಅದರಲ್ಲೂ 5 ಸಲ ಅದು ಬಂದದ್ದು ಇಂಗ್ಲಿಷಿನ ಒಂದು ಬೈಗುಳಕ್ಕೆ ಪ್ರಾಸವಾಗಿ. ಉಳಿದ ನಾಲ್ಕರಲ್ಲಿ ಒಂದು ಬಾಗಿಲು ಮುಚ್ಚಿಕೊಳ್ಳದಂತೆ ಅಡ್ಡ ಇಡಲು ಬಳಕೆಯಾಗಿದೆ. ಅಂದರೆ 400 ಪುಟದ ಹಾಕಿ ಕಾದಂಬರಿಯಲ್ಲಿ ಪಕ್ ಪಕ್ ಆಗಿ ಐಸ್ ಮೇಲೆ ಜಾರಿದ್ದು ಮೂರು ಸಲ. ಮದುವೆ ಮನೆಯಲ್ಲಿ ಗಂಡನ್ನೇ ಮರೆತರು ಎನ್ನುತ್ತೇವಲ್ಲ, ಇಲ್ಲಿ ಗಂಡೊಬ್ಬನನ್ನು ಬಿಟ್ಟು ಮನೆಯನ್ನೇ ಮರೆತಿದ್ದಾರೆ.

ಮೊದಲ ಸಲದ್ದನ್ನು ಹತ್ತಿರದಿಂದ ನೋಡೋಣ. ಪಂದ್ಯ ನಡೆಯುತ್ತಿದೆ. ನಾಯಕಿ ಹದಿನಾಲ್ಕನೇ ಸಾಲಿನಲ್ಲಿ ಕೂತಿದ್ದಾಳೆ. ನಾಯಕ ಪಕ್ ಸಮೇತ ಓಡುತ್ತಾ ಅವಳ ಕಡೆ ತಿರುಗುತ್ತಾನೆ. ಕಣ್ಣು ಹೊಡೆಯುತ್ತಾನೆ. ಒಂದು ಕಡೆಯ ತುಟಿ ಮಾತ್ರ ಮೇಲೇರಿಸಿ ನಗುತ್ತಾನೆ. ಅವನ ಕೆನ್ನೆಯ ಗುಳಿ ಅವಳಿಗೆ ಕಾಣುತ್ತದೆ, ಅವಳ ಮೊಣಕಾಲು ನಡುಗುತ್ತದೆ.

ಈಗ ಸತ್ಯಕ್ಕೆ ಬನ್ನಿ. ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ನಿಯಮದ ಪ್ರಕಾರ ಐಸ್ ಹಾಕಿ ಆಡುವವರು ಇಡೀ ಮುಖ ಮುಚ್ಚಿಕೊಳ್ಳಲೇಬೇಕು. ಒಂದೋ ಹಣೆಯಿಂದ ಗಲ್ಲದವರೆಗೆ ತಂತಿಯ ಜಾಲರಿ, ಇಲ್ಲವೇ ಪೂರ್ತಿ ಪ್ಲಾಸ್ಟಿಕ್ ಮುಸುಕು. ಎನ್‌ಎಚ್‌ಎಲ್ ಎಂಬ ದೊಡ್ಡ ಲೀಗ್‌ನ ವೃತ್ತಿ ಆಟಗಾರರು ಅರ್ಧ ಮುಖ ಬಿಟ್ಟುಕೊಂಡು ಆಡುತ್ತಾರೆ, ಕಾಲೇಜಿನವರು ಹಾಗೆ ಆಡುವಂತಿಲ್ಲ. ಬಾಯೊಳಗೆ ಹಲ್ಲು ಕಾಯುವ ಗಾರ್ಡ್ ಬೇರೆ. ಅವನ ಜಾಲರಿ ದಾಟಿ, ರಿಂಕ್ ಸುತ್ತ ಇರುವ ದಪ್ಪ ಗಾಜು ದಾಟಿ, ಹದಿಮೂರು ಸಾಲು ತಲೆಗಳನ್ನು ದಾಟಿ ಅವಳಿಗೆ ಕೆನ್ನೆಯ ಗುಳಿ ಕಂಡಿದೆ. ಈ ಹುಡುಗಿ ಸ್ಕಾಲರ್‌ಶಿಪ್ಪಿಗೆ ಅರ್ಜಿ ಹಾಕಿಕೊಂಡು ಯಾಕೆ ಒದ್ದಾಡುತ್ತಿದ್ದಾಳೆ? ಯಾವುದಾದರೂ ದೂರದರ್ಶಕ ಕೇಂದ್ರದವರು ಕರೆದು ಕೆಲಸ ಕೊಡುತ್ತಿದ್ದರು.

ಬರೆದವರಿಗೆ ಆ ಜಾಲರಿ ಅಡ್ಡ ಬಂದಿದೆ, ಅಷ್ಟೆ. ನನಗಾದರೆ ಆ ಜಾಲರಿಯೇ ಪ್ರೇಮಕಥೆ ಅನ್ನಿಸುತ್ತದೆ. ಇಡೀ ಪಂದ್ಯದಲ್ಲಿ ಮುಖವೇ ಕಾಣದ ಹುಡುಗನನ್ನು ಅವನು ತಿರುಗುವ ರೀತಿ, ಕೋಲು ಹಿಡಿಯುವ ರೀತಿ, ಬೆಂಚಿಗೆ ಮರಳುವಾಗ ಭುಜ ಬಗ್ಗಿಸುವ ರೀತಿಯಿಂದ ಗುರುತು ಹಿಡಿಯಬೇಕು. ಅದಕ್ಕೆ ಆಟ ನೋಡಬೇಕಲ್ಲ! ನಾಯಕಿ ನೋಡುವುದಿಲ್ಲ. 'ನನಗೆ ಹಾಕಿ ಅಂದರೆ ಏನೂ ಅರ್ಥ ಆಗಲ್ಲ' ಎಂದು ಮೂರು ಅಧ್ಯಾಯದಲ್ಲಿ ಮೂರು ಸಲ ಹೇಳುತ್ತಾಳೆ. ಕೋಚ್ ಮಗಳು! ಹುಟ್ಟಿದಾಗಿನಿಂದ ಮನೆಯಲ್ಲಿ ಬೇರೆ ಮಾತೇ ಕೇಳದ ಹುಡುಗಿ!

ಇನ್ನು ಹೊಡೆದಾಟ. ಎದುರು ತಂಡದವನೊಬ್ಬ ನಾಯಕಿಯ ಬಗ್ಗೆ ಏನೋ ಕೊಳಕು ಮಾತಾಡುತ್ತಾನೆ. ನಾಯಕ ಗ್ಲೌಸ್ ಕಿತ್ತೆಸೆದು ಅವನ ಮೂಗು ಒಡೆಯುತ್ತಾನೆ. ರೆಫ್ರಿ ಐದು ನಿಮಿಷ ಹೊರಗೆ ಕೂರಿಸುತ್ತಾನೆ. ಆಮೇಲೆ ನಾಯಕ ವಾಪಸ್ ಬಂದು ಗೆಲುವಿನ ಗೋಲು ಹೊಡೆಯುತ್ತಾನೆ. ಮಾರನೇ ದಿನ ಇನ್ನೊಂದು ಪಂದ್ಯ, ಇನ್ನೊಂದು ಮೂಗು.

ಕಾಲೇಜು ಹಾಕಿಯಲ್ಲಿ ಕೈ ಮಾಡಿದರೆ ಆ ಪಂದ್ಯದಿಂದ ಹೊರಗೆ, ಜೊತೆಗೆ ಮುಂದಿನ ಪಂದ್ಯವೂ ಇಲ್ಲ. ಅದೇ ತಪ್ಪು ಮತ್ತೆ ಮಾಡಿದರೆ ಶಿಕ್ಷೆ ಬೆಳೆಯುತ್ತದೆ. ಪಂದ್ಯಗಳು ಸಾಮಾನ್ಯವಾಗಿ ಶುಕ್ರವಾರ, ಶನಿವಾರ ಜೋಡಿಯಾಗಿ ಬರುತ್ತವೆ. ಶುಕ್ರವಾರ ಪ್ರೀತಿಗೆ ಗುದ್ದಿದವನು ಶನಿವಾರ ಕೋಟು ಹಾಕಿಕೊಂಡು ಮೇಲಿನ ಸಾಲಿನಲ್ಲಿ ಕೂರಬೇಕು. ಅಲ್ಲದೆ ಎದುರಿನವನ ಮೂಗೂ ಜಾಲರಿಯ ಒಳಗೇ ಇದೆ. ಬರಿಗೈಯಲ್ಲಿ ತಂತಿಗೆ ಗುದ್ದಿದರೆ ಮುರಿಯುವುದು ಯಾರ ಮೂಳೆ ಎಂದು ಒಂದು ಕ್ಷಣ ಯೋಚಿಸಬಾರದೇ? ನಮ್ಮ ನಾಯಕ ಪುಸ್ತಕದಲ್ಲಿ ಏಳು ಸಲ ಗುದ್ದಿದ್ದಾನೆ. ಅವನ ಬೆರಳುಗಳು ಕೊನೆಯವರೆಗೂ 'ನೀಳ, ನಿಪುಣ' ಬೆರಳುಗಳಾಗಿಯೇ ಉಳಿದಿವೆ.

ವಾಸನೆಯ ವಿಷಯ ಹೇಳದೆ ಮುಂದೆ ಹೋಗಲಾರೆ. ಪಂದ್ಯ ಮುಗಿದ ತಕ್ಷಣ, ಸ್ನಾನಕ್ಕೂ ಮುಂಚೆ, ನಾಯಕಿ ಅವನ ಎದೆಗೆ ಮುಖ ಒತ್ತುತ್ತಾಳೆ. ಪೈನ್ ಮರ, ಮಳೆ ಬಿದ್ದ ಮಣ್ಣು ಮತ್ತು 'ಅವನದೇ ಆದ ಏನೋ ಒಂದು' ಅವಳ ಮೂಗಿಗೆ ಬಡಿಯುತ್ತದೆ. ಆ 'ಏನೋ ಒಂದು' ಏನೆಂದು ಹಾಕಿ ಆಡುವ ಮಕ್ಕಳ ತಾಯಂದಿರನ್ನು ಕೇಳಿ. ಗ್ಲೌಸ್. ಬೆವರಿನಲ್ಲಿ ನೆಂದು, ಚೀಲದೊಳಗೇ ಅರೆಬರೆ ಒಣಗಿ, ಮತ್ತೆ ನೆಂದ ಗ್ಲೌಸ್. ಹಾಕಿ ಚೀಲದ ನಾತ ಆ ಆಟದವರೇ ಹೇಳಿಕೊಂಡು ನಗುವ ಮಾತು. ಕಾರಿನಲ್ಲಿ ಒಂದು ರಾತ್ರಿ ಮರೆತರೆ ಕಾರು ಮಾರಬೇಕು ಅನ್ನಿಸುತ್ತದಂತೆ. ಆ ವಾಸನೆಯನ್ನೂ ಸಹಿಸಿಕೊಂಡು ಒಬ್ಬಳು ಪ್ರೀತಿಸಿದ್ದರೆ ನಾನು ಎದ್ದು ನಿಂತು ಕೈ ಮುಗಿಯುತ್ತಿದ್ದೆ. ಪೈನ್ ಮರವನ್ನು ಯಾರು ಬೇಕಾದರೂ ತಬ್ಬಿಕೊಳ್ಳಬಹುದು.

ಸರಿ, ಆಟ ಹೋಯಿತು. ಕಾಲೇಜಾದರೂ ಇದೆಯೇ? ಇದೆ, ಬೋರ್ಡಿನ ಮೇಲೆ. ನಾಯಕ ಸ್ಟ್ಯಾಟಿಸ್ಟಿಕ್ಸ್‌ನಲ್ಲಿ ಫೇಲಾಗುವ ಹಂತದಲ್ಲಿದ್ದಾನೆ. ಫೇಲಾದರೆ ಆಡುವಂತಿಲ್ಲ. ಹಾಗಾಗಿ ಕೋಚ್ ತನ್ನ ಮಗಳಿಗೇ ಗುಟ್ಟಾಗಿ ಪಾಠ ಹೇಳಿಕೊಡಲು ಹೇಳುತ್ತಾನೆ. ಮೂರು ಪಾಠದ ನಂತರ ಅವಳು ರಾತ್ರಿ ನಿದ್ದೆ ಬಿಟ್ಟು ಅವನ ಅಸೈನ್‌ಮೆಂಟ್ ತಾನೇ ಬರೆದುಕೊಡುತ್ತಾಳೆ. ಅವನ ಕಣ್ಣು ಒದ್ದೆಯಾಗುತ್ತದೆ. ಓದುಗರ ಕಣ್ಣೂ ಒದ್ದೆಯಾಗಬೇಕು ಎಂಬುದು ಯೋಜನೆ.

ನನಗೆ ನೆನಪಾದದ್ದು ಮಿನೆಸೋಟ. ಅಲ್ಲಿನ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ಆಟಗಾರರಿಗೆ ಕಚೇರಿಯ ಸಿಬ್ಬಂದಿಯೊಬ್ಬರು ಸುಮಾರು 400 ಅಸೈನ್‌ಮೆಂಟ್ ಬರೆದುಕೊಟ್ಟಿದ್ದರು ಎಂಬ ಸಂಗತಿ 1999ರಲ್ಲಿ ಪತ್ರಿಕೆಯಲ್ಲಿ ಬಂತು. ಬರೆದ ವರದಿಗಾರನಿಗೆ ಮರುವರ್ಷ ಪುಲಿಟ್ಜರ್ ಪ್ರಶಸ್ತಿ ಸಿಕ್ಕಿತು. ತಂಡಕ್ಕೆ ಸಿಕ್ಕಿದ್ದು ಶಿಕ್ಷೆ. 1997ರಲ್ಲಿ ಕೊನೆಯ ನಾಲ್ಕರ ಘಟ್ಟ ತಲುಪಿದ್ದ ಸಾಧನೆಯನ್ನೇ ದಾಖಲೆಯಿಂದ ಅಳಿಸಿದರು. ನಮ್ಮ ಕಾದಂಬರಿಯಲ್ಲಿ ಇದೇ ಕೆಲಸಕ್ಕೆ ಹೆಸರು ತ್ಯಾಗ.

ಅಮೆರಿಕದ ಇಂಥ ಪ್ರತಿ ಕಾಲೇಜಿನಲ್ಲೂ ನಿಯಮ ಮೀರದಂತೆ ಕಾಯುವ ಕಂಪ್ಲಯನ್ಸ್ ಆಫೀಸರ್ ಎಂಬುವರು ಇರುತ್ತಾರೆ. ಯಾರು ಎಷ್ಟು ಗಂಟೆ ಅಭ್ಯಾಸ ಮಾಡಿದರು, ಯಾರಿಗೆ ಯಾರು ಏನು ಕೊಟ್ಟರು, ಎಲ್ಲಕ್ಕೂ ಲೆಕ್ಕ. ಪ್ರೇಮಕಥೆಗಳಲ್ಲಿ ಇವರು ಕಾಣಿಸುವುದೇ ಇಲ್ಲ. ಆ ಲೈಬ್ರರಿ ದೃಶ್ಯಕ್ಕೆ ಅಂಥ ಒಬ್ಬರನ್ನು ನಾನೇ ಕಳಿಸಿ ನೋಡಿದೆ.

ರಾತ್ರಿ ಒಂಬತ್ತು. ನಾಯಕ ಕುರ್ಚಿಯನ್ನು ಹಿಂದುಮುಂದು ಮಾಡಿಕೊಂಡು ಕೂತಿದ್ದಾನೆ. ಕುರ್ಚಿಯಲ್ಲಿ ನೆಟ್ಟಗೆ ಕೂತ ನಾಯಕನನ್ನು ನಾನಿನ್ನೂ ಓದಿಲ್ಲ. ನಾಯಕಿ ಕನ್ನಡಕ ಮೇಲೇರಿಸುತ್ತಾಳೆ. ಪಕ್ಕದ ಕುರ್ಚಿ ಎಳೆದುಕೊಂಡು ಆಫೀಸರಮ್ಮ ಕೂರುತ್ತಾರೆ.

"ಕ್ಷಮಿಸಿ, ಒಂದೇ ನಿಮಿಷ. ನೀವು ಟ್ಯೂಟರ್ ಅಲ್ವಾ? ಟ್ಯೂಟರ್ ಆಗೋ ಫಾರಂ ತುಂಬಿದ್ದೀರಾ?"

"ಇಲ್ಲ. ನಾನು ಕೋಚ್ ಮಗಳು."

"ಹಾಗಾದರೆ ಅದಕ್ಕೆ ಬೇರೆ ಹಾಳೆ ತೆಗೆದುಕೊಳ್ಳುತ್ತೇನೆ. ಈ ಅಸೈನ್‌ಮೆಂಟ್ ಯಾರದು?"

"ಅವನದು. ಬರೆದದ್ದು ನಾನು. ಪ್ರೀತಿಯಿಂದ."

ಆಫೀಸರಮ್ಮ ಪೆನ್ನು ಕೆಳಗಿಟ್ಟರು. "ಎಷ್ಟು ಪುಟ ಪ್ರೀತಿ ಮಾಡಿದ್ದೀರಿ?"

"ಎಂಟು."

ನಾಯಕನ ದವಡೆ ಬಿಗಿಯಿತು. ಇಡೀ ಪುಸ್ತಕದಲ್ಲಿ ಮೊದಲ ಸಲ ಅದಕ್ಕೊಂದು ಕಾರಣ ಸಿಕ್ಕಿತ್ತು.

"ಮೇಡಂ," ಎಂದ ಅವನು ಗಂಟಲು ಸರಿಮಾಡಿಕೊಂಡು, "ನಾವಿಬ್ಬರೂ ದಿನಾ ರಾತ್ರಿ ಸಿಗುತ್ತೀವಲ್ಲ, ಅದು ವಾರಕ್ಕೆ 20 ಗಂಟೆಯ ಲೆಕ್ಕಕ್ಕೆ ಬರುತ್ತಾ?"

ಇದು ಒಳ್ಳೆಯ ಪ್ರಶ್ನೆ. ಸೀಸನ್ ನಡೆಯುವಾಗ ಆಟಕ್ಕೆ ಸಂಬಂಧಿಸಿದ ಕೆಲಸಕ್ಕೆ ದಿನಕ್ಕೆ 4, ವಾರಕ್ಕೆ 20 ಗಂಟೆ ಮಿತಿ. ಪಂದ್ಯದ ದಿನ ಬೆಳಗ್ಗಿನಿಂದ ರಾತ್ರಿವರೆಗೆ ಎಷ್ಟೇ ಹೊತ್ತಾದರೂ ಲೆಕ್ಕದಲ್ಲಿ ಅದು ಮೂರೇ ಗಂಟೆ. ಬಸ್ಸಿನಲ್ಲಿ ಕಳೆದ ಹೊತ್ತು ಲೆಕ್ಕಕ್ಕೇ ಇಲ್ಲ. ಗಣಿತದಲ್ಲಿ ಫೇಲಾಗುವವನು ನಾಯಕನೊಬ್ಬನೇ ಅಲ್ಲ.

ಆಫೀಸರಮ್ಮ ದಪ್ಪ ಪುಸ್ತಕ ತೆರೆದರು. "ಸ್ವಯಂಪ್ರೇರಿತ ಚಟುವಟಿಕೆ ಆದರೆ ಬರಲ್ಲ. ಅದಕ್ಕೂ ಷರತ್ತಿದೆ. ಆಟಗಾರ ತಾನಾಗಿಯೇ ಕೇಳಿ ಶುರು ಮಾಡಿರಬೇಕು. ಹಾಜರಿ ಬರೆದಿಡಬಾರದು. ಬಂದಿಲ್ಲ ಅಂತ ಶಿಕ್ಷೆ ಇರಬಾರದು. ಅಲ್ಲಿ ಏನು ನಡೆಯಿತು ಅಂತ ಕೋಚ್‌ಗೆ ವರದಿ ಹೋಗಬಾರದು."

ಇಬ್ಬರೂ ಮುಖ ಮುಖ ನೋಡಿಕೊಂಡರು. ಕೋಚ್ ಮಗಳನ್ನು ಪ್ರೀತಿಸುವುದಕ್ಕೆ ಇದಕ್ಕಿಂತ ಚೆನ್ನಾಗಿ ಯಾರೂ ನಿಯಮ ಬರೆದಿಲ್ಲ.

ಇದು ಎನ್‌ಸಿಎಎ ನಿಯಮದಲ್ಲಿ ನಿಜಕ್ಕೂ ಇರುವ ಮಾತು, ನನ್ನ ಸೇರ್ಪಡೆ ಅಲ್ಲ. ಪ್ರೇಮಕಥೆಗೆ ಬೇಕಾದ ತಮಾಷೆ, ಭಯ, ಅಡ್ಡಿ ಎಲ್ಲ ಆ ನಿಯಮದ ಪುಸ್ತಕದಲ್ಲೇ ಸಿದ್ಧವಾಗಿ ಬಿದ್ದಿದೆ. ಎತ್ತಿಕೊಳ್ಳುವವರಿಲ್ಲ.

ಸ್ಕೌಟ್, ಅಂದರೆ ತಂಡಕ್ಕೆ ಆಟಗಾರರನ್ನು ಹುಡುಕುವವನ, ಪ್ರಸಂಗವನ್ನು ಬೇಗ ಮುಗಿಸುತ್ತೇನೆ, ಯಾಕೆಂದರೆ ಕಾದಂಬರಿಯೂ ಬೇಗ ಮುಗಿಸಿದೆ. ನಾಯಕ ಕೊನೆಯ ವರ್ಷದಲ್ಲಿದ್ದಾನೆ, ವಯಸ್ಸು 22. 'ನಾಳೆ ಸ್ಕೌಟ್ ಬರುತ್ತಾನೆ, ಚೆನ್ನಾಗಿ ಆಡಿದರೆ ಎನ್‌ಎಚ್‌ಎಲ್ ಡ್ರಾಫ್ಟ್' ಎಂದು ರಾತ್ರಿಯಿಡೀ ಹೊರಳಾಡುತ್ತಾನೆ. ಡ್ರಾಫ್ಟ್ ಅಂದರೆ ತಂಡಗಳು ಸರದಿಯಲ್ಲಿ ಹೊಸ ಹುಡುಗರನ್ನು ಆರಿಸಿಕೊಳ್ಳುವುದು. ಅಮೆರಿಕದ ಹುಡುಗರನ್ನು ಅದರಲ್ಲಿ ಆರಿಸುತ್ತಿದ್ದದ್ದು 18ರಿಂದ 20ರ ವಯಸ್ಸಿನಲ್ಲಿ. 22ಕ್ಕೆ ಬಂದವನು ಒಂದೋ ಆಗಲೇ ಆಯ್ಕೆಯಾಗಿರಬೇಕು, ಇಲ್ಲವೇ ಇಷ್ಟ ಬಂದ ತಂಡದ ಜೊತೆ ನೇರವಾಗಿ ಒಪ್ಪಂದ ಮಾಡಿಕೊಳ್ಳಬಹುದು. ಬಸ್ಸು ಹೋಗಿ ಎರಡು ವರ್ಷ ಆದ ಮೇಲೆ ನಿಲ್ದಾಣದಲ್ಲಿ ನಿಂತು ಅಳುತ್ತಿದ್ದಾನೆ. ನಾಯಕಿ ಸಮಾಧಾನ ಮಾಡುತ್ತಾಳೆ. ಮೆಣಸಿನಕಾಯಿ ಒಂದು.

ಹುಡುಗಿಯರ ಹಾಕಿ ತಂಡ? ಅದೇ ಕಾಲೇಜಿನಲ್ಲಿ ಇದ್ದಿರಲೇಬೇಕು ಅಂದುಕೊಂಡು ಹುಡುಕಿದೆ. ಎನ್‌ಸಿಎಎ ಮಹಿಳೆಯರ ಹಾಕಿ ಚಾಂಪಿಯನ್‌ಶಿಪ್ 2001ರಿಂದ ನಡೆಯುತ್ತಿದೆ. ಅಮೆರಿಕದ ಹುಡುಗಿಯರು ಒಲಿಂಪಿಕ್ ಚಿನ್ನ ಗೆದ್ದು ಬಂದದ್ದು ಅದಕ್ಕೂ ಮುಂಚೆ, 1998ರಲ್ಲಿ. ಕಾದಂಬರಿಯಲ್ಲಿ ಹುಡುಗಿಯರಿಗೆ ಮೂರು ಕೆಲಸ ಇವೆ. ನಾಯಕನ ಹಿಂದೆ ಬೀಳುವುದು, ನಾಯಕಿಗೆ ಬಟ್ಟೆ ಎರವಲು ಕೊಡುವುದು, ಮುಂದಿನ ಭಾಗದ ನಾಯಕಿಯಾಗಲು ಕಾಯುವುದು.

ಇದನ್ನೆಲ್ಲ ಗೆಳತಿಯೊಬ್ಬಳ ಹತ್ತಿರ ತೋಡಿಕೊಂಡೆ. ಅವಳು ಇಂಥ ಪುಸ್ತಕ ವಾರಕ್ಕೆರಡು ಓದುವವಳು. "ನಿನಗೆ ಹಾಕಿ ಬೇಕಿದ್ದರೆ ಹಾಕಿ ನೋಡು, ಯಾರು ಬೇಡ ಅಂದರು?" ಎಂದಳು. ಮಾತು ಸರಿ. ಆದರೆ ಈಜುಕೊಳದ ಚಿತ್ರ ತೋರಿಸಿ ಟಿಕೆಟ್ ಮಾರಿ, ಒಳಗೆ ಹೋದ ಮೇಲೆ ಕೈಗೆ ಒಂದು ಟವೆಲ್ ಕೊಟ್ಟರೆ ನೀರು ಕೇಳಿದ್ದು ತಪ್ಪಾ? "ಟವೆಲ್ ಮೆತ್ತಗಿತ್ತಾ ಇಲ್ವಾ, ಅದು ಹೇಳು" ಎಂದಳು. ಇವಳ ಜೊತೆ ವಾದ ಮಾಡಬಾರದು. ಖುಷಿಗೆ ಓದುವವರ ಮೇಲೆ ನನಗೆ ಸಿಟ್ಟೂ ಇಲ್ಲ. ದಿನವಿಡೀ ದುಡಿದು ಬಂದು, ಕೊನೆಯಲ್ಲಿ ಎಲ್ಲ ಸರಿಹೋಗುವ ಕಥೆ ಬೇಕು ಅಂದರೆ ತಪ್ಪೇನಿದೆ? ಸಿಟ್ಟು ಇರುವುದು ಪಟ್ಟಿ ನೋಡಿ ಪುಸ್ತಕ ಹೊಲಿಯುವ ದರ್ಜಿಗಳ ಮೇಲೆ. ಹಾಕಿ ತೆಗೆದು ಫುಟ್‌ಬಾಲ್ ಹಾಕಿದರೂ, ಅದನ್ನೂ ತೆಗೆದು ದೋಣಿ ಹುಟ್ಟು ಹಾಕುವ ತಂಡ ತಂದರೂ ಇವರಿಗೆ ಒಂದು ವಾಕ್ಯವೂ ಬದಲಾಗುವುದಿಲ್ಲ. ಪೈನ್ ಮರ ಹಾಗೇ ಇರುತ್ತದೆ.

ಈ ಗೀಳು ಪುಸ್ತಕದೊಳಗೇ ಉಳಿದಿಲ್ಲ. 2023ರಲ್ಲಿ ಸಿಯಾಟಲ್ ಕ್ರಾಕೆನ್ ಎಂಬ ಎನ್‌ಎಚ್‌ಎಲ್ ತಂಡ ಟಿಕ್‌ಟಾಕಿನಲ್ಲಿ ಈ ಓದುಗರನ್ನು ಸೆಳೆಯಲು ತನ್ನ ಆಟಗಾರರ ವಿಡಿಯೋ ಬಿಟ್ಟಿತು. ಕಥೆಯ ನಾಯಕನಿಗೆ ಹೇಳುವಂಥ ಮಾತುಗಳನ್ನೆಲ್ಲ ಜನ ಅವರಲ್ಲೊಬ್ಬ ಜೀವಂತ ಆಟಗಾರನಿಗೆ ಹೇಳತೊಡಗಿದರು. ಕೊನೆಗೆ ಅವನ ಹೆಂಡತಿಯೇ ಇದು ಅತಿಯಾಯಿತು ಎಂದು ಹೇಳಬೇಕಾಯಿತು. ತಂಡ ಆ ವಿಡಿಯೋಗಳನ್ನು ತೆಗೆದುಹಾಕಿತು. ಪಾಪ, ಆ ಮನುಷ್ಯ ಅಲ್ಲಿಗೆ ಹೋಗಿದ್ದು ಹಾಕಿ ಆಡಲು.

ಕೊನೆಯ ಪಂದ್ಯಕ್ಕೆ ಬರೋಣ. ನನ್ನ ದುಃಖ ಇರುವುದು ಅಲ್ಲಿ.

ಎನ್‌ಸಿಎಎ ಟೂರ್ನಿ 1948ರಿಂದ ನಡೆಯುತ್ತಿದೆ. ಈಗ 16 ತಂಡ, ಒಂದು ಸಲ ಸೋತರೆ ಮನೆಗೆ. ಕೊನೆಯ ನಾಲ್ಕು ತಂಡಗಳ ಹಂತಕ್ಕೆ ಫ್ರೋಜನ್ ಫೋರ್ ಎಂದು ಹೆಸರು, ಅದು ಏಪ್ರಿಲ್‌ನಲ್ಲಿ. 20 ನಿಮಿಷದ ಮೂರು ಅವಧಿ ಮುಗಿದರೂ ಸಮ ಇದ್ದರೆ ಮತ್ತೆ 20 ನಿಮಿಷ, ಆಗಲೂ ಸಮ ಇದ್ದರೆ ಮತ್ತೆ 20. ಯಾರಾದರೂ ಒಬ್ಬರು ಗೋಲು ಹೊಡೆಯುವವರೆಗೆ. ಹೊಡೆದ ಕ್ಷಣ ಎಲ್ಲ ಮುಗಿಯಿತು. ಒಂದು ತಂಡ ಗ್ಲೌಸ್ ಆಕಾಶಕ್ಕೆ ಎಸೆಯುತ್ತದೆ, ಇನ್ನೊಂದು ತಂಡ ನಿಂತಲ್ಲೇ ಕುಸಿಯುತ್ತದೆ. ಅದರಲ್ಲಿ ಎಷ್ಟೋ ಹುಡುಗರಿಗೆ ಅದು ಜೀವನದ ಕೊನೆಯ ದೊಡ್ಡ ಪಂದ್ಯ.

ನಮ್ಮ ಕಾದಂಬರಿ ನನ್ನನ್ನು ಅಲ್ಲಿಯವರೆಗೆ ಕರೆದುಕೊಂಡು ಹೋಯಿತು. ಫೈನಲ್. 2-2. ಮೂರನೇ ಅವಧಿಯಲ್ಲಿ ಉಳಿದಿರುವುದು 11 ಸೆಕೆಂಡ್. ಪಕ್ ನಾಯಕನ ಕೋಲಿಗೆ ಸಿಕ್ಕಿದೆ, ಇದೇ ಆ ಮೂರನೆಯ ಸಲ. ಅವನು ಕೋಲು ಎತ್ತುತ್ತಾನೆ. ನಾನು ಉಸಿರು ಬಿಗಿಹಿಡಿದೆ, ದವಡೆಯೂ ಬಿಗಿಯಾಗಿರಬೇಕು. ಪುಟ ತಿರುಗಿಸಿದೆ.

'ಮೂರು ತಿಂಗಳ ನಂತರ' ಎಂದಿತ್ತು.

ಸಮುದ್ರ ತೀರ. ಬಿಸಿಲು. ಅವಳ ಬೆರಳಿಗೆ ಉಂಗುರ. ಗೋಲಾಯಿತಾ? ಹೇಳಲಿಲ್ಲ. ಹಿಂದಿನ ಪುಟಕ್ಕೆ ಹೋದೆ, ಎರಡು ಹಾಳೆ ಅಂಟಿಕೊಂಡಿವೆಯೇ ಎಂದು ಉಗುರಿನಿಂದ ಬಿಡಿಸಿ ನೋಡಿದೆ. ಇಲ್ಲ. ಉಪಸಂಹಾರ ಓದಿದೆ. ಅದರಲ್ಲಿ ಇನ್ನೂ ಹುಟ್ಟದ ಮಗುವಿನ ಹೆಸರಿದೆ, ಸ್ಕೋರ್ ಇಲ್ಲ. ಕೃತಜ್ಞತೆ ಪುಟ ಓದಿದೆ. ಲೇಖಕಿಯ ಬೆಕ್ಕಿಗೆ ವಂದನೆ ಇದೆ. ಬರೆಯುವಾಗ ಕೇಳಿದ 26 ಹಾಡುಗಳ ಪಟ್ಟಿ ಇದೆ. ಕೊನೆಯಲ್ಲಿ ಒಂದು ಸಾಲು: ಮೇಲ್ ವಿಳಾಸ ಕೊಟ್ಟರೆ ಹೆಚ್ಚುವರಿ ಅಧ್ಯಾಯ ಉಚಿತ, 'ಆ ರಾತ್ರಿ ಏನಾಯಿತು, ಅವನ ಮಾತಿನಲ್ಲಿ'.

ಆ ರಾತ್ರಿ! ತಕ್ಷಣ ಮೇಲ್ ವಿಳಾಸ ಕೊಟ್ಟೆ. ಹದಿನಾಲ್ಕು ಪುಟ ಬಂತು. ಹೋಟೆಲ್ ರೂಮು, ಅದೇ ಒಂದು ಮಂಚ. ಹನ್ನೆರಡನೇ ಪುಟದವರೆಗೆ ನಾನು ಏನನ್ನೂ ಬಿಡದೆ, ಬೇರೆಯದೇ ಕಾರಣಕ್ಕೆ, ಒಂದೊಂದು ಸಾಲೂ ಓದಿದೆ. ಹದಿಮೂರನೆಯದರಲ್ಲಿ, ಕೊನೆಗೂ, ಮೂಲೆಯಲ್ಲಿದ್ದ ಟೀವಿಯಲ್ಲಿ ಪಂದ್ಯದ ಮುಖ್ಯಾಂಶ ಶುರುವಾಯಿತು. 11 ಸೆಕೆಂಡ್ ಬಾಕಿ ಎಂದು ಕಾಮೆಂಟೇಟರ್ ಕೂಗುತ್ತಿದ್ದ. ನಾಯಕ ತಿರುಗಿ ನೋಡಿದ. ದವಡೆ ಬಿಗಿಯಿತು. ಕೈ ಚಾಚಿ ರಿಮೋಟ್ ಎತ್ತಿಕೊಂಡು ಟೀವಿ ಆಫ್ ಮಾಡಿದ.